ದಿನಾ 60 ಕಿ.ಮೀ. ಓಡಾಟಕ್ಕೆ ಎಲೆಕ್ಟ್ರಿಕ್ ಕಾರು ಸರಿಹೋಗುತ್ತಾ?

ಪ್ರಶ್ನೆ: ನಮ್ಮ ಮನೆಯಿಂದ ಆಫೀಸಿಗೆ 30 ಕಿ.ಮೀ. ಹೋಗಿ ಬರುವುದು ಸೇರಿ ದಿನಕ್ಕೆ 60, ವಾರಕ್ಕೆ ಐದು ದಿನ. ಮನೆಯಲ್ಲಿರುವುದು ಒಂದೇ ಕಾರು. ಅದನ್ನು ಮಾರಿ ಎಲೆಕ್ಟ್ರಿಕ್ ತೆಗೆದುಕೊಳ್ಳುವ ಯೋಚನೆ ಇದೆ. ನೋಡಿಟ್ಟಿರುವ ಕಾರಿನ ಬ್ಯಾಟರಿ 45 ಯುನಿಟ್, ಕಂಪನಿ ಹೇಳುವ ರೇಂಜ್ 400 ಕಿ.ಮೀ. ಅದೇ ಕಾರು ಇಟ್ಟುಕೊಂಡಿರುವ ಸಹೋದ್ಯೋಗಿ "ಮುನ್ನೂರು ಬಂದರೆ ಹೆಚ್ಚು" ಅನ್ನುತ್ತಾರೆ. ನಾವಿರುವುದು ಅಪಾರ್ಟ್‌ಮೆಂಟಿನಲ್ಲಿ. ಬೇಸ್‌ಮೆಂಟಿನಲ್ಲಿ ನಮ್ಮದೇ ಪಾರ್ಕಿಂಗ್ ಜಾಗ ಇದೆ, ಆದರೆ ಪ್ಲಗ್ ಪಾಯಿಂಟ್ ಇಲ್ಲ. ಟ್ರಾಫಿಕ್‌ನಲ್ಲಿ ಎಸಿ ಹಾಕಿಕೊಂಡು ಸಿಕ್ಕಿಕೊಂಡರೆ ಚಾರ್ಜ್ ಖಾಲಿಯಾಗಲ್ವಾ? ಫಾಸ್ಟ್ ಚಾರ್ಜರ್ ಜಾಸ್ತಿ ಬಳಸಿದರೆ ಬ್ಯಾಟರಿ ಹಾಳಾಗುತ್ತದಂತೆ, ನಿಜವಾ? ವರ್ಷಕ್ಕೆ ಮೂರ್ನಾಲ್ಕು ಸಲ 500 ಕಿ.ಮೀ. ದೂರದ ಪ್ರಯಾಣ ಇರುತ್ತದೆ. ದೊಡ್ಡ ಬ್ಯಾಟರಿಯ ಮಾಡೆಲ್ಲೇ ತೆಗೆದುಕೊಳ್ಳಬೇಕಾ?

ಉತ್ತರ: ನೀವು ಆರು ವಿಷಯ ಕೇಳಿದ್ದೀರಿ. ನಿಮ್ಮ ತೀರ್ಮಾನ ನಿಂತಿರುವುದು ಮಾತ್ರ ಒಂದರ ಮೇಲೆ, ಅದನ್ನು ನೀವು ಅರ್ಧ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ: "ಪ್ಲಗ್ ಪಾಯಿಂಟ್ ಇಲ್ಲ". ದಿನಕ್ಕೆ 60 ಕಿ.ಮೀ. ಇವತ್ತಿನ ಯಾವ ಎಲೆಕ್ಟ್ರಿಕ್ ಕಾರಿಗೂ ದೊಡ್ಡ ಮಾತಲ್ಲ. ರೇಂಜ್ 400 ಆಗಲಿ, 300 ಆಗಲಿ, ನಿಮ್ಮ ದಿನದ ಓಡಾಟಕ್ಕೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೆ ರಾತ್ರಿ ಕಾರು ನಿಲ್ಲುವ ಜಾಗದಲ್ಲಿ ಕರೆಂಟ್ ಇದೆಯಾ ಇಲ್ವಾ ಅನ್ನುವುದು ಪ್ರತಿ ವಾರ ಗೊತ್ತಾಗುತ್ತದೆ. ಹಾಗಾಗಿ ಶೋರೂಮಿಗೆ ಹೋಗುವ ಮೊದಲು ಮೀಟರ್ ಬೋರ್ಡಿನ ಹತ್ತಿರ ಹೋಗಿ ಅನ್ನುವುದು ನನ್ನ ಸಲಹೆ. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ.

ಮಧ್ಯಮ ಗಾತ್ರದ ಎಲೆಕ್ಟ್ರಿಕ್ ಕಾರು ಊರೊಳಗಿನ ಓಡಾಟದಲ್ಲಿ 100 ಕಿ.ಮೀ.ಗೆ 12ರಿಂದ 18 ಯುನಿಟ್ ತೆಗೆದುಕೊಳ್ಳುತ್ತದೆ. 15 ಅಂತ ಇಟ್ಟುಕೊಳ್ಳಿ. 60 ಕಿ.ಮೀ.ಗೆ 9 ಯುನಿಟ್ ಆಯಿತು. ಗೋಡೆಯಿಂದ ಬ್ಯಾಟರಿಗೆ ಹೋಗುವಾಗ ಶೇಕಡಾ 10ರಿಂದ 15ರಷ್ಟು ದಾರಿಯಲ್ಲೇ ಸೋರಿಹೋಗುತ್ತದೆ. ಅಂದರೆ ನಿಮ್ಮ ಮೀಟರ್‌ನಲ್ಲಿ ಓಡುವುದು ಹತ್ತು, ಹತ್ತೂವರೆ ಯುನಿಟ್. 230 ವೋಲ್ಟಿನ ಮಾಮೂಲಿ ಸಾಕೆಟ್‌ನಲ್ಲಿ 10 ಆಂಪ್ ಎಳೆದರೆ ಗಂಟೆಗೆ 2.3 ಯುನಿಟ್ ಸಿಗುತ್ತದೆ. ನಾಲ್ಕೂವರೆ ಗಂಟೆಯಲ್ಲಿ ಆ ದಿನ ಓಡಿಸಿದ್ದು ವಾಪಸ್ ತುಂಬಿರುತ್ತದೆ. ಸಾಕೆಟ್ 16 ಆಂಪಿನದಾದರೆ ಮೂರು ಗಂಟೆಯ ಕೆಲಸ. ಗೋಡೆಗೆ 7 ಕಿಲೋವ್ಯಾಟಿನ, ಅಂದರೆ ಗಂಟೆಗೆ 7 ಯುನಿಟ್ ಕೊಡುವ ಚಾರ್ಜಿಂಗ್ ಬಾಕ್ಸ್ ಹಾಕಿಸಿಕೊಂಡರೆ ಒಂದೂವರೆ ಗಂಟೆ. ಕಾರು ರಾತ್ರಿ ಎಂಟು ಹತ್ತು ಗಂಟೆ ಸುಮ್ನೆ ನಿಂತಿರುತ್ತದೆ ಅಲ್ವಾ? ಅಷ್ಟು ಹೊತ್ತಿಗೆ ಎಲ್ಲಕ್ಕಿಂತ ನಿಧಾನದ ಪ್ಲಗ್ಗೇ ಸಾಕು.

ಹೊಸಬರು ಇಲ್ಲೇ ಎಡವುವುದು. ಬ್ಯಾಟರಿ ಸೊನ್ನೆಯಿಂದ ನೂರಕ್ಕೆ ಬರಲು ಎಷ್ಟು ಗಂಟೆ ಅಂತ ಕೇಳುತ್ತಾರೆ. 45 ಯುನಿಟ್ ಬ್ಯಾಟರಿಗೆ ಮನೆ ಸಾಕೆಟ್‌ನಲ್ಲಿ 20 ಗಂಟೆ ಮೇಲಾಗುತ್ತದೆ ಅಂತ ಕೇಳಿದ ಕೂಡಲೇ ಕೈಬಿಡುತ್ತಾರೆ. ಪೆಟ್ರೋಲ್ ಕಾರಿನವರು ಟ್ಯಾಂಕ್ ತಳ ಕಾಣುವವರೆಗೆ ಓಡಿಸಿ ಬಂಕಿಗೆ ಹೋಗುತ್ತಾರೆ, ಆ ಅಭ್ಯಾಸ ಬೇಗ ಬಿಡುವುದಿಲ್ಲ. ಮನೆಯಲ್ಲಿ ಪ್ಲಗ್ ಇದ್ದವರಿಗೆ ಬ್ಯಾಟರಿ ಸೊನ್ನೆಗೆ ಹೋಗುವ ಸಂದರ್ಭವೇ ಬರುವುದಿಲ್ಲ. ಖರ್ಚಾದಷ್ಟು ಅದೇ ರಾತ್ರಿ ತುಂಬುತ್ತದೆ, ಅಷ್ಟೇ.

ಇನ್ನು ನಿಮ್ಮ ಸಹೋದ್ಯೋಗಿ ಹೇಳುವ ಮುನ್ನೂರರ ವಿಷಯ. ಅವರು ಹೇಳುವುದು ಸರಿ, ಕಂಪನಿಯವರೂ ಸುಳ್ಳು ಹೇಳುತ್ತಿಲ್ಲ. ಬ್ರೋಶರ್‌ನಲ್ಲಿ ಬರುವ ಅಂಕಿ ಲ್ಯಾಬಿನಲ್ಲಿ ರೋಲರ್ ಮೇಲೆ ಕಾರು ಓಡಿಸಿ ಪಡೆದದ್ದು. ಯೂರೋಪಿನಲ್ಲಿ 2017ರಿಂದ ಜಾರಿಯಲ್ಲಿರುವ ಡಬ್ಲ್ಯೂಎಲ್‌ಟಿಪಿ ಪರೀಕ್ಷೆಯನ್ನೇ ನೋಡಿ. ಅರ್ಧ ಗಂಟೆಯಲ್ಲಿ 23 ಕಿ.ಮೀ. ಓಟ, ಸರಾಸರಿ ವೇಗ ಗಂಟೆಗೆ 46 ಕಿ.ಮೀ. ಆಸುಪಾಸು, ಕೋಣೆಯ ಉಷ್ಣತೆ 23 ಡಿಗ್ರಿ, ಎಸಿ ಇಲ್ಲ, ಹೀಟರ್ ಇಲ್ಲ. ಚೀನಾದ ಸಿಎಲ್‌ಟಿಸಿ ಪರೀಕ್ಷೆ ಇದಕ್ಕಿಂತಲೂ ಉದಾರಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಕೊಡುವ ಸಂಖ್ಯೆ ನಿಜದ ರಸ್ತೆಗೆ ಹತ್ತಿರ. ಒಂದೇ ಕಾರಿಗೆ ಮೂರು ಕಡೆ ಮೂರು ರೇಂಜ್ ಇರುವುದು ಇದಕ್ಕೇ. ಬ್ರೋಶರ್ ಸಂಖ್ಯೆಯನ್ನು ಎರಡು ಕಾರುಗಳ ನಡುವೆ ಹೋಲಿಸಲು ಬಳಸಿ, ಅದೂ ಎರಡಕ್ಕೂ ಒಂದೇ ಪರೀಕ್ಷೆ ಆಗಿದ್ದರೆ ಮಾತ್ರ. ನಿಮ್ಮ ದಾರಿಗೆ ಲೆಕ್ಕ ಬೇಕಿದ್ದರೆ 45ನ್ನು 15ರಿಂದ ಭಾಗಿಸಿ, ಬಂದದ್ದನ್ನು 100ರಿಂದ ಗುಣಿಸಿ. 300 ಕಿ.ಮೀ. ಸಿಗುತ್ತದೆ, ಸಹೋದ್ಯೋಗಿಯ ಲೆಕ್ಕವೇ.

ವೇಗ, ಚಳಿ, ಹೀಟರ್ ಅಂತ ಎಲೆಕ್ಟ್ರಿಕ್ ಕಾರಿನವರು ಇಷ್ಟೊಂದು ಮಾತಾಡುವುದು ಯಾಕೆ, ಪೆಟ್ರೋಲ್ ಕಾರಿನವರು ಯಾಕೆ ತಲೆ ಕೆಡಿಸಿಕೊಳ್ಳುವುದಿಲ್ಲ ಅಂತ ಕೇಳಬಹುದು. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 9 ಯುನಿಟ್ ಶಕ್ತಿ ಇದೆ. ಅಂದರೆ ನಿಮ್ಮ 45 ಯುನಿಟ್ ಬ್ಯಾಟರಿಯಲ್ಲಿ ಇರುವುದು ಐದು ಲೀಟರ್ ಪೆಟ್ರೋಲಿನಷ್ಟು ಶಕ್ತಿ. ಬರೀ ಐದು ಲೀಟರ್! ಅಷ್ಟರಲ್ಲಿ 300 ಕಿ.ಮೀ. ಓಡುತ್ತದೆ ಅಂದರೆ ಅದು ಮೋಟಾರಿನ ಜಾಣತನ. ಪೆಟ್ರೋಲ್ ಎಂಜಿನ್ನಿನಲ್ಲಿ ಮುಕ್ಕಾಲು ಪಾಲು ಶಕ್ತಿ ಬಿಸಿಯಾಗಿ ಹೊರಗೆ ಹೋಗುತ್ತದೆ, ಇಲ್ಲಿ ಮುಕ್ಕಾಲಕ್ಕಿಂತ ಜಾಸ್ತಿ ಚಕ್ರಕ್ಕೆ ಮುಟ್ಟುತ್ತದೆ. ಆದರೆ ದಾಸ್ತಾನು ಚಿಕ್ಕದು ಅನ್ನುವುದು ಹಾಗೇ ಉಳಿಯುತ್ತದೆ. ಚಿಕ್ಕ ದಾಸ್ತಾನಿನಲ್ಲಿ ಸಣ್ಣ ಖರ್ಚೂ ಎದ್ದು ಕಾಣುತ್ತದೆ. ಪೆಟ್ರೋಲ್ ಕಾರಿನ ಹೀಟರ್ ಎಂಜಿನ್ ಹೇಗೂ ಚೆಲ್ಲುವ ಬಿಸಿಯಲ್ಲಿ ನಡೆಯುತ್ತದೆ. ಎಲೆಕ್ಟ್ರಿಕ್ ಕಾರು ಅದನ್ನೂ ಬ್ಯಾಟರಿಯಿಂದಲೇ ಮಾಡಬೇಕು. ಸೊನ್ನೆ ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಹೀಟರ್ ಶುರುವಿಗೆ 4–5 ಕಿಲೋವ್ಯಾಟ್ ಎಳೆಯುವುದುಂಟು, ರೇಂಜ್ 20–30 ಶೇಕಡಾ ಇಳಿಯುವುದುಂಟು. ಸಣ್ಣ ಸಣ್ಣ ಓಡಾಟ ಇದ್ದರೆ ಇನ್ನೂ ಜಾಸ್ತಿ, ಪ್ರತಿ ಸಲ ತಣ್ಣಗಾದ ಕಾರನ್ನು ಮತ್ತೆ ಬಿಸಿ ಮಾಡಬೇಕಲ್ಲ. ಅಂಥ ಕಡೆ ಹೀಟ್ ಪಂಪ್ (ಹೊರಗಿನ ಗಾಳಿಯ ಬಿಸಿಯನ್ನೇ ಒಳಗೆ ತರುವ ಯಂತ್ರ) ಇರುವ ಕಾರನ್ನೇ ನೋಡಬೇಕು. ಸ್ಟೀರಿಂಗ್ ಮತ್ತು ಸೀಟ್ ಬಿಸಿ ಮಾಡುವ ಸೌಲಭ್ಯ ಷೋಕಿಯಂತೆ ಕಾಣುತ್ತದೆ, ಆದರೆ ಇಡೀ ಕ್ಯಾಬಿನ್ ಬಿಸಿ ಮಾಡುವುದಕ್ಕಿಂತ ಅದಕ್ಕೆ ತಗಲುವ ಕರೆಂಟ್ ಎಷ್ಟೋ ಕಮ್ಮಿ.

ಚಳಿ ದೇಶಗಳಲ್ಲಿ ಇದು ನಡೆಯುವುದಿಲ್ಲ ಅಂತ ಮಾತ್ರ ತಿಳಿಯಬೇಡಿ. ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪೂರ್ತಿ ಎಲೆಕ್ಟ್ರಿಕ್. ಅಲ್ಲಿನ ಸರ್ಕಾರ ವರ್ಷಾನುಗಟ್ಟಲೆ ಕೊಟ್ಟ ತೆರಿಗೆ ರಿಯಾಯಿತಿಯ ಪಾಲು ಅದರಲ್ಲಿ ದೊಡ್ಡದು, ನಿಜ. ಜೊತೆಗೆ ತುಂಬಾ ಮನೆಗಳಿಗೆ ಸ್ವಂತ ಪಾರ್ಕಿಂಗ್ ಇದೆ, ಅಲ್ಲಿಗೆ ಕರೆಂಟ್ ಇದೆ.

ಟ್ರಾಫಿಕ್ ಭಯವನ್ನು ನೀವು ಬಿಟ್ಟುಬಿಡಬಹುದು. ನಿಂತ ಎಲೆಕ್ಟ್ರಿಕ್ ಕಾರಿನ ಮೋಟಾರ್ ಏನೂ ತಿನ್ನುವುದಿಲ್ಲ. ಎಸಿ ಮೊದಲು ಕ್ಯಾಬಿನ್ ತಣ್ಣಗಾಗುವವರೆಗೆ 2–3 ಕಿಲೋವ್ಯಾಟ್ ಎಳೆಯುತ್ತದೆ, ಆಮೇಲೆ ಒಂದರ ಸುತ್ತ ಬಂದು ನಿಲ್ಲುತ್ತದೆ. ಎರಡು ಗಂಟೆ ಜಾಮ್‌ನಲ್ಲಿ ನಿಂತರೆ ಎರಡರಿಂದ ಮೂರು ಯುನಿಟ್, ಅಂದರೆ 15–20 ಕಿ.ಮೀ. ರೇಂಜ್ ಹೋದಂತೆ. ಅದೂ ಅಲ್ಲದೆ ನಿಂತು ನಿಂತು ಹೋಗುವ ರಸ್ತೆಯೇ ಎಲೆಕ್ಟ್ರಿಕ್ ಕಾರಿಗೆ ಅಚ್ಚುಮೆಚ್ಚು. ಕಾಲು ಎತ್ತಿದ ಕೂಡಲೇ ಮೋಟಾರ್ ಜನರೇಟರ್ ಆಗಿ ಕಾರಿನ ವೇಗವನ್ನು ಕರೆಂಟ್ ಮಾಡಿ ಬ್ಯಾಟರಿಗೆ ವಾಪಸ್ ಕಳಿಸುತ್ತದೆ. ಪೆಟ್ರೋಲ್ ಕಾರಿಗೆ ಹೈವೇಯಲ್ಲಿ ಮೈಲೇಜ್ ಜಾಸ್ತಿ, ಊರೊಳಗೆ ಕಮ್ಮಿ. ಇದಕ್ಕೆ ಪೂರ್ತಿ ಉಲ್ಟಾ. ಹೈವೇಯಲ್ಲಿ ಬ್ರೇಕ್ ಹಾಕುವುದೇ ಅಪರೂಪ, ಹಾಗಾಗಿ ವಾಪಸ್ ಬರುವುದೂ ಏನಿಲ್ಲ. ಗಾಳಿಯ ತಡೆ ಬೇರೆ: ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. 90ರ ಬದಲು 120ರಲ್ಲಿ ಹೋದರೆ ಗಾಳಿಯನ್ನು ತಳ್ಳಲು ಪ್ರತಿ ಕಿ.ಮೀ.ಗೂ ಮುಕ್ಕಾಲು ಪಾಲು ಜಾಸ್ತಿ ಶಕ್ತಿ ಬೇಕು. ನಿಮ್ಮ ಸಹೋದ್ಯೋಗಿ ವಾರಾಂತ್ಯ ಜೋರಾಗಿ ಓಡಿಸುವವರಾದರೆ ಅವರಿಗೆ 240 ಸಿಕ್ಕರೂ ಆಶ್ಚರ್ಯವಿಲ್ಲ.

ಈಗ ನಿಮ್ಮ ಬೇಸ್‌ಮೆಂಟಿಗೆ ಬರೋಣ.

ಕಾರಿನ ಬ್ಯಾಟರಿಗೆ ಬೆಂಕಿ ಹತ್ತುತ್ತಾ ಅಂತ ಜನ ಪದೇ ಪದೇ ಕೇಳುತ್ತಾರೆ. ಸಾಕೆಟ್ ಬಗ್ಗೆ ಯಾರೂ ಕೇಳುವುದಿಲ್ಲ. ಚಾರ್ಜರ್ ಜೋಡಿಸುವ ಕೆಲಸದಲ್ಲಿರುವವರು ನಿಜವಾಗಿ ಹೆದರುವುದು ಸಾಕೆಟ್‌ಗೆ. ಮನೆಯ ಸಾಕೆಟ್‌ಗಳು ಇಸ್ತ್ರಿಪೆಟ್ಟಿಗೆಯನ್ನೋ ಹೀಟರನ್ನೋ ಸ್ವಲ್ಪ ಹೊತ್ತು ಹೊರುವಂಥವು. ಕಾರು ಹಾಗಲ್ಲ, 16 ಆಂಪನ್ನು ಬಿಡುವಿಲ್ಲದೆ ಗಂಟೆಗಟ್ಟಲೆ, ಪ್ರತಿ ರಾತ್ರಿ ಎಳೆಯುತ್ತದೆ. ಸಾಕೆಟ್ ಹಿಂದೆ ವೈರ್ ಸಿಕ್ಕಿಸಿದ ಸ್ಕ್ರೂ ಕೊಂಚ ಸಡಿಲ ಇದೆ ಅಂದುಕೊಳ್ಳಿ. ಆ ಜಾಗದಲ್ಲಿ ಬರೀ 0.1 ಓಮ್ ತಡೆ ಇದ್ದರೂ 16 ಆಂಪಿಗೆ ಅಲ್ಲಿ ಹುಟ್ಟುವ ಬಿಸಿ 25 ವ್ಯಾಟ್. ಸಣ್ಣ ಸೋಲ್ಡರಿಂಗ್ ಕಡ್ಡಿಯೊಂದನ್ನು ಸ್ವಿಚ್ ಬೋರ್ಡಿನೊಳಗೆ ಇಟ್ಟು ರಾತ್ರಿಯೆಲ್ಲಾ ಆನ್ ಮಾಡಿದ ಹಾಗೆ. ಮೊದಲು ಪಿನ್ನಿನ ಸುತ್ತ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಆಮೇಲೆ ಕಂದು, ಒಂದು ದಿನ ಪ್ಲಗ್ ಎಳೆದರೆ ಸಾಕೆಟ್‌ನ ಮುಖವೇ ಜೊತೆಗೆ ಬರುತ್ತದೆ. ಈ ಬಿಸಿಗೆ ಎಂಸಿಬಿ ಬೀಳುವುದಿಲ್ಲ. ಅದು ನೋಡುವುದು ಕರೆಂಟ್ ಜಾಸ್ತಿ ಆಯಿತಾ ಅಂತ. ಇಲ್ಲಿ ಕರೆಂಟ್ ಸರಿಯಾಗಿಯೇ ಇದೆ, ಜೋಡಣೆ ಸರಿ ಇಲ್ಲ.

ಹಾಗಾಗಿ ಮೀಟರ್ ಬೋರ್ಡಿನಿಂದ ನಿಮ್ಮ ಜಾಗದವರೆಗೆ ಕಾರಿಗೆಂದೇ ಪ್ರತ್ಯೇಕ ಲೈನ್ ಎಳೆಸಿ, ಮಧ್ಯೆ ಎಲ್ಲೂ ಜಾಯಿಂಟ್ ಬೇಡ. ತಾಮ್ರದ ವೈರೇ ಇರಲಿ. ದೂರ 30 ಮೀಟರ್ ಇದೆ ಅಂದುಕೊಂಡರೆ, 2.5 ಚದರ ಮಿ.ಮೀ. ವೈರಿನಲ್ಲಿ 16 ಆಂಪ್ ಹರಿದಾಗ 7 ವೋಲ್ಟ್ ದಾರಿಯಲ್ಲೇ ಬೀಳುತ್ತದೆ, ವೈರೇ 110 ವ್ಯಾಟ್ ಮೇಲೆ ತಿನ್ನುತ್ತದೆ. ಅದು ಅಪಾಯವಲ್ಲ, ಆದರೆ ದಿನಾ ದಂಡ. 4 ಚದರ ಮಿ.ಮೀ. ಹಾಕಿಸಿದರೆ ನೆಮ್ಮದಿ. ಮುಂದೆ ಯಾವತ್ತಾದರೂ 7 ಕಿಲೋವ್ಯಾಟ್ ಬಾಕ್ಸ್ ಹಾಕುವ ಮನಸ್ಸಿದ್ದರೆ ಈಗಲೇ 6 ಚದರ ಮಿ.ಮೀ. ಎಳೆಸಿಬಿಡಿ. ವೈರಿಗಿಂತ ಪೈಪ್ ಕೂರಿಸುವ ಕೂಲಿಯೇ ಜಾಸ್ತಿ, ಅದನ್ನು ಎರಡು ಸಲ ಯಾಕೆ ಕೊಡಬೇಕು? ಲೈನಿಗೆ ಪ್ರತ್ಯೇಕ ಎಂಸಿಬಿ, ಜೊತೆಗೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಆರ್‌ಸಿಸಿಬಿ, ಟೈಪ್ ಎ ನಮೂನೆಯದು, ಬೇಕು. ಚಾರ್ಜಿಂಗ್ ಬಾಕ್ಸಿನೊಳಗೇ 6 ಮಿಲಿಆಂಪ್ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್) ಸೋರಿಕೆ ಪತ್ತೆ ಮಾಡುವ ವ್ಯವಸ್ಥೆ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಟೈಪ್ ಬಿ ಹಾಕಿಸಬೇಕು. ಅರ್ಥಿಂಗ್ ಸರಿ ಇಲ್ಲದಿದ್ದರೆ ಹೆಚ್ಚಿನ ಕಾರುಗಳು ಚಾರ್ಜ್ ಆಗುವುದೇ ಇಲ್ಲ, ಬಾಕ್ಸ್ ಮೇಲೆ ಕೆಂಪು ದೀಪ ಬರುತ್ತದೆ. ಆಗ "ಅರ್ಥ್ ಬೈಪಾಸ್" ಮಾಡಿಕೊಡುತ್ತೇನೆ ಅನ್ನುವ ಎಲೆಕ್ಟ್ರಿಷಿಯನ್ ಸಿಕ್ಕರೆ ಅವರನ್ನು ಹಾಗೇ ವಾಪಸ್ ಕಳಿಸಿ. ಎಕ್ಸ್‌ಟೆನ್ಶನ್ ಬಾಕ್ಸ್ ಅಂತೂ ಬೇಡವೇ ಬೇಡ. ಸುತ್ತಿಟ್ಟ ವೈರ್ ರೀಲ್ ಇನ್ನೂ ಕೆಟ್ಟದ್ದು, ಸುತ್ತಿನೊಳಗಿನ ಬಿಸಿಗೆ ಹೊರಗೆ ಬರಲು ದಾರಿಯೇ ಇರುವುದಿಲ್ಲ.

ಕೆಲಸ ಮುಗಿದ ಮೇಲೆ ಒಂದು ಸಣ್ಣ ಪರೀಕ್ಷೆ. ಒಂದು ಗಂಟೆ ಚಾರ್ಜ್ ಆದ ಮೇಲೆ ನಿಲ್ಲಿಸಿ, ಪ್ಲಗ್ ತೆಗೆದು ಪಿನ್ನಿನ ಹತ್ತಿರ ಕೈ ಹಿಡಿಯಿರಿ. ಬೆಚ್ಚಗಿದ್ದರೆ ತೊಂದರೆ ಇಲ್ಲ. ಮುಟ್ಟಿಟ್ಟುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಆ ಸಾಕೆಟ್ ಬದಲಾಯಿಸಿ. ಅಲ್ಲಿಯವರೆಗೆ ಕಾರಿನ ಪರದೆಯಲ್ಲೇ ಚಾರ್ಜಿಂಗ್ ಕರೆಂಟನ್ನು 8 ಅಥವಾ 10 ಆಂಪಿಗೆ ಇಳಿಸಿಕೊಳ್ಳಿ. ತುಂಬಾ ಕಾರುಗಳಲ್ಲಿ ಆ ಸೌಲಭ್ಯ ಇದೆ, ಯಾರೂ ನೋಡಿರುವುದಿಲ್ಲ.

ನಿಮ್ಮ ಅಪಾರ್ಟ್‌ಮೆಂಟಿನ ಸಮಿತಿಯವರು ಒಪ್ಪುತ್ತಾರಾ ಅನ್ನುವುದು ಮುಂದಿನ ಪ್ರಶ್ನೆ. ಸಾಮಾನ್ಯವಾಗಿ ಬರುವ ತಕರಾರು ಹೀಗಿರುತ್ತದೆ: "ಇವತ್ತು ನೀವು, ನಾಳೆ ಎಲ್ಲರೂ. ನಲವತ್ತು ಕಾರಿಗೆ ತಲಾ 7 ಕಿಲೋವ್ಯಾಟ್ ಅಂದರೆ 280 ಕಿಲೋವ್ಯಾಟ್. ನಮ್ಮ ಟ್ರಾನ್ಸ್‌ಫಾರ್ಮರ್ ತಡೆಯುತ್ತಾ?" ಗುಣಾಕಾರ ಸರಿ, ಲೆಕ್ಕ ತಪ್ಪು. ನಲವತ್ತೂ ಕಾರಿಗೆ ಒಂದೇ ಹೊತ್ತಿಗೆ 7 ಕಿಲೋವ್ಯಾಟ್ ಬೇಕಾಗುವುದಿಲ್ಲ. ಪ್ರತಿಯೊಬ್ಬರೂ ನಿಮ್ಮಷ್ಟೇ ಓಡಿಸಿದರೂ ರಾತ್ರಿಗೆ ತಲಾ 10 ಯುನಿಟ್, ಒಟ್ಟು 400. ಅದನ್ನು ಹತ್ತು ಗಂಟೆಗೆ ಹಂಚಿದರೆ ಬರುವುದು 40 ಕಿಲೋವ್ಯಾಟ್. ಇದ್ದ ಲೋಡನ್ನು ಕಾರುಗಳ ನಡುವೆ ತಾನೇ ಹಂಚುವ ಬಾಕ್ಸ್‌ಗಳು ಬಂದಿವೆ, ಲೋಡ್ ಮ್ಯಾನೇಜ್‌ಮೆಂಟ್ ಅಂತ ಕೇಳಿದರೆ ಗೊತ್ತಾಗುತ್ತದೆ. ಸಮಿತಿಯ ಮುಂದೆ ಈ 280 ಮತ್ತು 40ರ ಲೆಕ್ಕ ಇಡಿ. "ಪರಿಸರಕ್ಕೆ ಒಳ್ಳೆಯದು" ಅಂತ ಶುರುಮಾಡಿದರೆ ಮೀಟಿಂಗ್ ಎಲ್ಲೆಲ್ಲೋ ಹೋಗುತ್ತದೆ. ಕರೆಂಟ್ ಬಿಲ್ಲಿನ ಜಗಳ ಬರದಂತೆ ಲೈನನ್ನು ನಿಮ್ಮ ಮನೆಯ ಮೀಟರಿನಿಂದಲೇ ತೆಗೆಯಿರಿ, ಇಲ್ಲವೇ ಸಬ್‌ಮೀಟರ್ ಹಾಕಿಸಿ. ಮನೆಗೆ ಮಂಜೂರಾದ ಲೋಡ್ ಎಷ್ಟಿದೆ ಅಂತಲೂ ನೋಡಿಕೊಳ್ಳಿ. ಗೀಸರ್, ಎಸಿ, ಕಾರು ಮೂರೂ ಒಟ್ಟಿಗೆ ಎಳೆದರೆ ಮೇನ್ ಬೀಳಬಹುದು. ಚಾರ್ಜಿಂಗನ್ನು ನಡುರಾತ್ರಿಗೆ ಟೈಮರ್ ಇಟ್ಟರೆ ಎಷ್ಟೋ ಸಲ ಲೋಡ್ ಏರಿಸುವ ಅಗತ್ಯವೇ ಬರುವುದಿಲ್ಲ. ರಾತ್ರಿ ದರ ಕಮ್ಮಿ ಇರುವ ಕಡೆ ಬಿಲ್ಲೂ ಇಳಿಯುತ್ತದೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಬ್ಯಾಟರಿಗೆ ಬೇಕಿರುವುದು ಡಿಸಿ ಕರೆಂಟ್, ಗೋಡೆಯಲ್ಲಿ ಬರುವುದು ದಿಕ್ಕು ಬದಲಿಸುತ್ತಾ ಹರಿಯುವ ಎಸಿ ಕರೆಂಟ್ (ತಣ್ಣಗೆ ಮಾಡುವ ಎಸಿ ಅಲ್ಲ). ಬದಲಾಯಿಸುವ ಯಂತ್ರ ಕಾರಿನೊಳಗೇ ಇದೆ, ಗೋಡೆಯ ಬಾಕ್ಸ್ ಬರೀ ಕಾವಲುಗಾರ. ಎಷ್ಟು ಎಳೆಯಬಹುದು ಅಂತ ಅದು ಕಾರಿಗೆ ತಿಳಿಸುತ್ತದೆ, ಕೇಬಲ್ ಸರಿಯಾಗಿ ಕೂತ ಮೇಲಷ್ಟೇ ಕರೆಂಟ್ ಬಿಡುತ್ತದೆ. ಮಳೆಯಲ್ಲಿ ಚಾರ್ಜ್ ಮಾಡಲು ಹೆದರಬೇಕಿಲ್ಲ ಅನ್ನುವುದು ಇದರಿಂದಲೇ. ಕಾರಿನೊಳಗಿನ ಯಂತ್ರ 7 ಕಿಲೋವ್ಯಾಟಿನದಾದರೆ ನೀವು 22 ಕಿಲೋವ್ಯಾಟಿನ ಎಸಿ ಕಂಬಕ್ಕೆ ಸಿಕ್ಕಿಸಿದರೂ ಸಿಗುವುದು ಏಳೇ. ಆದ್ದರಿಂದ ದೊಡ್ಡ ಬಾಕ್ಸಿಗೆ ದುಡ್ಡು ಸುರಿಯುವ ಮೊದಲು ಕಾರಿನ ಮಿತಿ ಎಷ್ಟು ಅಂತ ನೋಡಿ.

ಸಮಿತಿ ಒಪ್ಪಲೇ ಇಲ್ಲ ಅನ್ನಿ. ಆಗ ಆಫೀಸಿನಲ್ಲಿ ಪ್ಲಗ್ ಇದೆಯಾ ಕೇಳಿ. ಕಾರು ಅಲ್ಲಿ ಎಂಟು ಗಂಟೆ ನಿಂತಿರುತ್ತದೆ, ಅಲ್ಲಿನ ಸಾಕೆಟ್ ಮನೆಯ ಸಾಕೆಟ್‌ಗೆ ಸಮ. ಅದೂ ಇಲ್ಲ, ಬರೀ ಸಾರ್ವಜನಿಕ ಫಾಸ್ಟ್ ಚಾರ್ಜರೇ (ಇದು ಡಿಸಿಯನ್ನೇ ನೇರವಾಗಿ ಬ್ಯಾಟರಿಗೆ ಕೊಡುತ್ತದೆ) ಗತಿ ಅಂದರೆ ಲೆಕ್ಕ ಹೀಗಾಗುತ್ತದೆ: ಶೇಕಡಾ 10ರಿಂದ 80ರವರೆಗೆ ತುಂಬಿದರೆ 31 ಯುನಿಟ್, ಸುಮಾರು 200 ಕಿ.ಮೀ. ನಿಮಗೆ ವಾರಕ್ಕೆ ಆಫೀಸಿಗೇ 300 ಬೇಕು. ಅಂದರೆ ವಾರಕ್ಕೆ ಎರಡು ಸಲ, ಪ್ರತಿ ಸಲ ಅರ್ಧ ಮುಕ್ಕಾಲು ಗಂಟೆ. ಸರದಿ ಇದ್ದರೆ ಕಾಯುವುದು ಬೇರೆ, ಮೆಷಿನ್ ಕೆಟ್ಟಿದ್ದರೆ ಇನ್ನೊಂದು ಕಡೆ ಹುಡುಕುವುದು ಬೇರೆ. ಫಾಸ್ಟ್ ಚಾರ್ಜರಿನ ಯುನಿಟ್ ದರವೂ ಮನೆಯದಕ್ಕಿಂತ ಜಾಸ್ತಿಯೇ ಇರುತ್ತದೆ. ಮನೆಯಲ್ಲಿ ಒಂದೇ ಕಾರು ಇರುವವರಿಗೆ ಹೀಗೆ ಬದುಕುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಪ್ಲಗ್ ವ್ಯವಸ್ಥೆ ಆಗುವವರೆಗೆ ಇರುವ ಕಾರನ್ನೇ ಓಡಿಸಿ, ಇಲ್ಲವೇ ಹೈಬ್ರಿಡ್ ನೋಡಿ. ಕಾರು ಮಾರುವವರು ಇದನ್ನು ಹೇಳುವುದಿಲ್ಲ ಬಿಡಿ.

ಫಾಸ್ಟ್ ಚಾರ್ಜ್ ಮಾಡಿದರೆ ಬ್ಯಾಟರಿ ಹಾಳಾಗುತ್ತದಾ? ಸ್ವಲ್ಪ ನಿಜ, ಜಾಸ್ತಿ ಉತ್ಪ್ರೇಕ್ಷೆ. ಚಾರ್ಜ್ ಆಗುವಾಗ ಲಿಥಿಯಂ ಅಯಾನುಗಳು ಗ್ರಾಫೈಟ್ ಪದರಗಳ ನಡುವೆ ಹೋಗಿ ಕೂರಬೇಕು. ಖಾಲಿ ಇದ್ದಾಗ ಜಾಗ ಸುಲಭವಾಗಿ ಸಿಗುತ್ತದೆ. ತುಂಬುತ್ತಾ ಬಂದಾಗಲೂ ಅದೇ ರಭಸದಲ್ಲಿ ತಳ್ಳಿದರೆ ಅವು ಒಳಗೆ ಹೋಗದೆ ಮೇಲೆಯೇ ಲೋಹವಾಗಿ ಅಂಟಿಕೊಳ್ಳುತ್ತವೆ, ಆ ಪಾಲು ಪೂರ್ತಿ ವಾಪಸ್ ಬರುವುದಿಲ್ಲ. ಕಾರಿನ ಕಂಪ್ಯೂಟರಿಗೆ ಇದು ಗೊತ್ತು. ಅದಕ್ಕೇ ಶೇಕಡಾ 80 ದಾಟಿದ ಮೇಲೆ ವೇಗ ಇಳಿಸುತ್ತದೆ, ಬ್ಯಾಟರಿ ತಣ್ಣಗಿದ್ದರೂ ಇಳಿಸುತ್ತದೆ, ತೀರಾ ಬಿಸಿಯಾದರೂ ಇಳಿಸುತ್ತದೆ. 10ರಿಂದ 80ಕ್ಕೆ ಅರ್ಧ ಗಂಟೆ ಆದರೆ 80ರಿಂದ 100ಕ್ಕೆ ಮತ್ತೆ ಹೆಚ್ಚುಕಮ್ಮಿ ಅಷ್ಟೇ ಹಿಡಿಯುವುದುಂಟು. ಬೋರ್ಡಿನ ಮೇಲೆ 150 ಕಿಲೋವ್ಯಾಟ್ ಅಂತ ಬರೆದಿರುವ ಮೆಷಿನ್ ನಿಮಗೆ 60 ಕೊಡುತ್ತಿದ್ದರೆ ಅದು ಕೆಟ್ಟಿದೆ ಅಂತಲ್ಲ. ನಿಮ್ಮ ಕಾರು ಕೇಳುತ್ತಿರುವುದೇ ಅಷ್ಟಿರಬಹುದು, ಪಕ್ಕದ ಕಾರು ಪಾಲು ತೆಗೆದುಕೊಳ್ಳುತ್ತಿರಬಹುದು.

ವರ್ಷಕ್ಕೆ ನಾಲ್ಕು ಪ್ರಯಾಣದಲ್ಲಿ ಮಾಡುವ ಫಾಸ್ಟ್ ಚಾರ್ಜ್ ಬ್ಯಾಟರಿಗೆ ಲೆಕ್ಕಕ್ಕೇ ಇಲ್ಲ. ಅದನ್ನು ಜಾಸ್ತಿ ಕಾಡುವುದು ಬಿಸಿ, ಮತ್ತೆ ತುಂಬಿ ತುಳುಕಿದ ಸ್ಥಿತಿಯಲ್ಲಿ ದಿನಗಟ್ಟಲೆ ನಿಲ್ಲುವುದು. 2010ರಲ್ಲಿ ಬಂದ ಮೊದಲ ನಿಸ್ಸಾನ್ ಲೀಫ್‌ನ ಬ್ಯಾಟರಿಗೆ ದ್ರವದ ಕೂಲಿಂಗ್ ಇರಲಿಲ್ಲ, ಅಮೆರಿಕದ ಅರಿಜೋನಾದಂಥ ಸುಡುಬಿಸಿಲಿನ ಕಡೆ ಅವು ಬೇಗ ಸೊರಗಿದವು. ಈಗ ಹೆಚ್ಚಿನ ಕಾರುಗಳಲ್ಲಿ ದ್ರವದ ಕೂಲಿಂಗ್ ಇದೆ. ನೀವು ತೆಗೆದುಕೊಳ್ಳುವುದರಲ್ಲಿ ಇದೆಯಾ ಅಂತ ಖಚಿತ ಮಾಡಿಕೊಳ್ಳಿ. ಇವತ್ತಿನ ಬ್ಯಾಟರಿಗಳು ಸಾಮಾನ್ಯವಾಗಿ ವರ್ಷಕ್ಕೆ 1ರಿಂದ 2.5 ಶೇಕಡಾ ಸಾಮರ್ಥ್ಯ ಕಳೆದುಕೊಳ್ಳುತ್ತವೆ. ಹೆಚ್ಚಿನ ಕಂಪನಿಗಳು 8 ವರ್ಷ ಅಥವಾ 1,60,000 ಕಿ.ಮೀ.ವರೆಗೆ ಶೇಕಡಾ 70 ಉಳಿಯುತ್ತದೆ ಅಂತ ವಾರಂಟಿ ಕೊಡುತ್ತವೆ. ನಿಮ್ಮ ಓಡಾಟ ವರ್ಷಕ್ಕೆ 20,000 ಕಿ.ಮೀ. ಒಳಗೇ ಇದೆ. 300 ಕಿ.ಮೀ. ರೇಂಜ್ ಹತ್ತು ವರ್ಷಕ್ಕೆ 240 ಆಯಿತು ಅಂತಲೇ ಇಟ್ಟುಕೊಳ್ಳಿ, ಆಫೀಸಿಗೆ ಹೋಗಿ ಬರಲು ಏನಾದರೂ ತೊಂದರೆಯಾ?

ಎಷ್ಟರವರೆಗೆ ಚಾರ್ಜ್ ಮಾಡಬೇಕು ಅನ್ನುವುದು ಬ್ಯಾಟರಿಯ ಜಾತಿಯ ಮೇಲೆ ಹೋಗುತ್ತದೆ. ಎನ್‌ಎಂಸಿ (ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವುದು) ಆದರೆ ದಿನಾ ಶೇಕಡಾ 80ಕ್ಕೆ ನಿಲ್ಲಿಸಿ, ದೂರ ಹೋಗುವ ಹಿಂದಿನ ರಾತ್ರಿ ಮಾತ್ರ 100. ಎಲ್‌ಎಫ್‌ಪಿ (ಲಿಥಿಯಂ, ಕಬ್ಬಿಣ, ಫಾಸ್ಫೇಟ್ ಇರುವುದು) ಆದರೆ ವಾರಕ್ಕೊಮ್ಮೆಯಾದರೂ 100ಕ್ಕೆ ತುಂಬಿ ಅಂತ ಹಲವು ಕಂಪನಿಗಳೇ ಹೇಳುತ್ತವೆ. ಎಲ್‌ಎಫ್‌ಪಿಯ ವೋಲ್ಟೇಜ್ 20ರಲ್ಲೂ 80ರಲ್ಲೂ ಹೆಚ್ಚುಕಮ್ಮಿ ಒಂದೇ ಇರುತ್ತದೆ, ಒಳಗೆ ಎಷ್ಟು ಉಳಿದಿದೆ ಅಂತ ಕಂಪ್ಯೂಟರಿಗೆ ಗೊತ್ತಾಗುವುದು ಕಷ್ಟ. ಪೂರ್ತಿ ತುಂಬಿದಾಗ ಅದರ ಲೆಕ್ಕ ಸರಿಯಾಗುತ್ತದೆ. ಬಾಳಿಕೆ ಎಲ್‌ಎಫ್‌ಪಿಯದ್ದು ಜಾಸ್ತಿ, ಚಳಿಯಲ್ಲಿ ಮಾತ್ರ ಅದು ಸೋಮಾರಿ. ನಿಮ್ಮಂಥ ದಿನದ ಓಡಾಟಕ್ಕೆ ನನ್ನ ಓಟು ಎಲ್‌ಎಫ್‌ಪಿಗೆ.

500 ಕಿ.ಮೀ. ಪ್ರಯಾಣಕ್ಕೆ ಬರೋಣ. ಹೈವೇಯಲ್ಲಿ 100 ಕಿ.ಮೀ.ಗೆ 18–19 ಯುನಿಟ್ ಹಿಡಿಯುತ್ತದೆ. ಶೇಕಡಾ ನೂರರಲ್ಲಿ ಹೊರಟು ಶೇಕಡಾ 15ಕ್ಕೆ ಇಳಿಯುವವರೆಗೆ 200 ಕಿ.ಮೀ., ಅಲ್ಲಿಂದ 80ಕ್ಕೆ ತುಂಬಿಕೊಂಡರೆ ಇನ್ನೊಂದು 160, ಮತ್ತೆ ತುಂಬಿಕೊಂಡರೆ ಉಳಿದದ್ದು ಆರಾಮ. ಎರಡು ನಿಲುಗಡೆ, ತಲಾ 30–40 ನಿಮಿಷ. ಊಟಕ್ಕೆ ಹೇಗೂ ಒಂದು ಸಲ ನಿಲ್ಲುತ್ತೀರಿ. ಪೆಟ್ರೋಲ್ ಕಾರಿಗಿಂತ ಸುಮಾರು ಒಂದು ಗಂಟೆ ಜಾಸ್ತಿ ಅಂದುಕೊಂಡೇ ಹೊರಡಿ. ಒಂದೇ ಮೆಷಿನ್ ಇರುವ ಕಡೆಗಿಂತ ನಾಲ್ಕಾರು ಇರುವ ಕಡೆ ನಿಲ್ಲಿ. 15ಕ್ಕೆ ಬಂದಾಗ ನಿಲ್ಲಿ, 3ಕ್ಕೆ ಬಂದಾಗ ಅಲ್ಲ. ಆ ಮೆಷಿನ್ ಕೆಟ್ಟಿದ್ದರೆ ಮುಂದಿನದಕ್ಕೆ ಹೋಗುವಷ್ಟು ಉಳಿದಿರಬೇಕು. ಆ ದಾರಿಯ ಚಾರ್ಜರ್ ಕಂಪನಿಗಳ ಆ್ಯಪ್‌ಗಳನ್ನು ಮನೆಯಲ್ಲೇ ಹಾಕಿಕೊಂಡು, ದುಡ್ಡು ತುಂಬಿಟ್ಟುಕೊಂಡು ಹೊರಡಿ. ನೆಟ್‌ವರ್ಕ್ ಸಿಗದ ಜಾಗದಲ್ಲಿ ಒಟಿಪಿ ಕಾಯುತ್ತಾ ನಿಲ್ಲುವಷ್ಟು ಬೇಜಾರಿನ ಕೆಲಸ ಇನ್ನೊಂದಿಲ್ಲ. ಚಾರ್ಜರಿಗೆ ಹೋಗುವಾಗ ಕಾರಿನ ಮ್ಯಾಪಿನಲ್ಲೇ ಅದನ್ನು ಗುರಿಯಾಗಿ ಹಾಕಿದರೆ ಹಲವು ಕಾರುಗಳು ಬ್ಯಾಟರಿಯನ್ನು ಮೊದಲೇ ಹದಕ್ಕೆ ತಂದಿಟ್ಟುಕೊಳ್ಳುತ್ತವೆ, ಚಳಿಯಲ್ಲಿ ಇದರಿಂದ ಹತ್ತಿಪ್ಪತ್ತು ನಿಮಿಷ ಉಳಿಯಬಹುದು.

ನೀವು ಕೇಳದಿದ್ದರೂ ಒಂದೆರಡು ಮಾತು. ಎಲೆಕ್ಟ್ರಿಕ್ ಕಾರಿನಲ್ಲೂ 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ. ಬಾಗಿಲು ತೆಗೆಯುವುದು, ಕಂಪ್ಯೂಟರ್ ಎಬ್ಬಿಸುವುದು ಅದರ ಕೆಲಸ. ದೊಡ್ಡ ಬ್ಯಾಟರಿ ಶೇಕಡಾ 90 ತುಂಬಿದ್ದರೂ ಇದು ಸತ್ತರೆ ಕಾರು ಏಳುವುದಿಲ್ಲ. "ಎಲೆಕ್ಟ್ರಿಕ್ ಕಾರು ಇದ್ದಕ್ಕಿದ್ದಂತೆ ಕೈಕೊಟ್ಟಿತು" ಅನ್ನುವ ಕಥೆಗಳಲ್ಲಿ ಇದರ ಪಾತ್ರ ದೊಡ್ಡದು. ಮೂರ್ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ. ಟೈರ್ ಪೆಟ್ರೋಲ್ ಕಾರಿಗಿಂತ ಬೇಗ ಸವೆಯುತ್ತದೆ, ತೂಕ ಜಾಸ್ತಿ, ಸಿಗ್ನಲ್ ಬಿಟ್ಟ ಕೂಡಲೇ ಒತ್ತುವ ಆಸೆಯೂ ಜಾಸ್ತಿ. ಬ್ರೇಕ್ ಪ್ಯಾಡ್ ಮಾತ್ರ ವರ್ಷಾನುಗಟ್ಟಲೆ ಹಾಗೇ ಇರುತ್ತದೆ.

ಕೊನೆಯದಾಗಿ ದೊಡ್ಡ ಬ್ಯಾಟರಿಯ ವಿಷಯ. 45ರ ಬದಲು 60 ಯುನಿಟ್ ತೆಗೆದುಕೊಂಡರೆ 500 ಕಿ.ಮೀ. ಪ್ರಯಾಣದಲ್ಲಿ ಎರಡನೇ ನಿಲುಗಡೆ ತಪ್ಪಬಹುದು ಅಥವಾ ಹತ್ತು ನಿಮಿಷಕ್ಕೆ ಇಳಿಯಬಹುದು. ಅದಕ್ಕಾಗಿ ವರ್ಷವಿಡೀ ದಿನಾ 90–100 ಕಿಲೋ ಜಾಸ್ತಿ ಹೊತ್ತು ಓಡಬೇಕು, ಕೊಳ್ಳುವಾಗ ದುಡ್ಡೂ ಜಾಸ್ತಿ. ಆ ದುಡ್ಡಿನ ಒಂದು ಪಾಲು ಬೇಸ್‌ಮೆಂಟಿನ ಲೈನಿಗೆ ಹಾಕುವುದು ಒಳ್ಳೆಯದು ಅನ್ನಿಸುತ್ತದೆ ನನಗೆ. ಟೆಸ್ಟ್ ಡ್ರೈವ್ ಕೊಟ್ಟಾಗ ಶೋರೂಮಿನ ಸುತ್ತ ಒಂದು ಸುತ್ತು ಹೊಡೆದು ಬರಬೇಡಿ. ಟ್ರಿಪ್ ಮೀಟರ್ ಸೊನ್ನೆ ಮಾಡಿ, ಎಸಿ ನಿಮಗೆ ಬೇಕಾದಷ್ಟು ಇಟ್ಟುಕೊಂಡು, ನಿಮ್ಮ ಆಫೀಸಿನ ದಾರಿಯಲ್ಲೇ, ಆಫೀಸಿನ ಹೊತ್ತಿನಲ್ಲೇ ಹೋಗಿ ಬನ್ನಿ. ಪರದೆಯಲ್ಲಿ 100 ಕಿ.ಮೀ.ಗೆ ಎಷ್ಟು ಯುನಿಟ್ ಅಂತ ತೋರಿಸುತ್ತದೆ. 15ರ ಆಸುಪಾಸು ಇದ್ದರೆ 45 ಸಾಕು. 20 ದಾಟಿ ಬಂದರೆ ಮಾತ್ರ ದೊಡ್ಡದನ್ನು ಯೋಚಿಸಿ, ಅದಕ್ಕೂ ಮೊದಲು ಟೈರಿನ ಗಾಳಿ ಸರಿ ಇತ್ತಾ ಅಂತ ಕೇಳಿ. ಟೆಸ್ಟ್ ಡ್ರೈವ್ ಕಾರುಗಳಲ್ಲಿ ಅದನ್ನು ಯಾರೂ ನೋಡಿರುವುದಿಲ್ಲ.